ನಾನೇ ಚೀಟಿ ಅಂಟಿಸಿದ ಸೀಸೆ

ಆ ಮುಂಜಾನೆ ಚಹಾ ನನ್ನ ಗಂಡನ ತುಟಿಯ ಎಡತುದಿಯಿಂದ ಅಂಗಿಯ ಮೇಲೆ ಇಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಸಣ್ಣ ಹುಡುಗರ ಹಾಗೆ ಕುಡಿಯುತ್ತೀರಲ್ಲ ಎಂದು ಕಾಡಿಸಿದೆ. ಅವರು ನಕ್ಕರು.

ಅರ್ಧ ಮುಖ ಮಾತ್ರ ನಕ್ಕಿತು.

ದಿಲ್‌ಸುಖ್‌ನಗರದ ಡಾಕ್ಟರು ಸ್ಟ್ರೋಕ್ ಅಲ್ಲ ಎಂದರು. ವಾರದೊಳಗೆ ಎಡಮೊಣಕಾಲು ಊದಿತು. ಆ ನಗು ವಾಪಸು ಬರದಿದ್ದರೆ ಎಂಬುದೊಂದೇ ನನ್ನ ಭಯ. ಸಿಕಂದರಾಬಾದಿನ ಸ್ಪೆಷಲಿಸ್ಟ್ ಇವರ ಕೆಲಸ ಏನೆಂದು ವಿಚಾರಿಸಿದರು. ಕಾಡಿನ ಉಣ್ಣಿ ಹಿಡಿದು ತಂದು, ಅವುಗಳೊಳಗಿನ ಬ್ಯಾಕ್ಟೀರಿಯಾದ ಡಿಎನ್ಎ ನೋಡುವ ಕೆಲಸ. ಉಣ್ಣಿ ಕಚ್ಚಿತ್ತೇ ಎಂದು ಕೇಳಿದರು. ಇಬ್ಬರೂ ಇಲ್ಲವೆಂದೆವು. ಉಣ್ಣಿ ಕಡಿತದಿಂದ ಬರುವ ಲೈಮ್ ಕಾಯಿಲೆಯ ಟೆಸ್ಟೂ ನೆಗೆಟಿವ್ ಬಂತು.

ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಮೈಮೇಲೆ ಸಿಕ್ಕ ಉಣ್ಣಿಗೆ ಸ್ಯಾಂಪಲ್ ಎನ್ನುತ್ತಿದ್ದೆವು, ಕಡಿತ ಎನ್ನುತ್ತಿರಲಿಲ್ಲ, ಅಷ್ಟೇ.

ಮಾವನವರ ಹಳೆಯ ಧೋತರ ಹರಿದು, ಅಂಚು ಹೊಲಿದು ಕೊಡುತ್ತಿದ್ದವಳು ನಾನು. ಆ ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದರೆ ಉಣ್ಣಿ ಅಂಟಿಕೊಳ್ಳುತ್ತವೆ. ಅವರು ಕಾಡಿನಿಂದ ಬಂದ ದಿನ ಬಾಲ್ಕನಿಯ ಬಿಸಿಲಲ್ಲಿ ಕೂರಿಸಿ ಕಿವಿಯ ಹಿಂದೆ, ಕುತ್ತಿಗೆ, ಮೊಣಕಾಲ ಹಿಂದೆ ಹುಡುಕುತ್ತಿದ್ದೆ. ಅವರು ನವಿಲು ಕಂಡದ್ದು, ದಾರಿ ತಪ್ಪಿದ್ದು ಹೇಳುತ್ತಿದ್ದರು. ಉಣ್ಣಿ ಸಿಕ್ಕರೆ ಎಸೆಯಬೇಡ, ಸೀಸೆ ತಾ ಎನ್ನುವರು. ಚೀಟಿ ಬರೆದು ಅಂಟಿಸುವುದೂ ನಾನೇ. ಮದುವೆಯಾದಾಗಿನಿಂದ ನಮ್ಮ ಸರಸವೆಲ್ಲ ಅದೇ ಬಾಲ್ಕನಿಯದು. ಆ ಬಿಸಿಲು ಈಗಲೂ ಬೇಕೆನಿಸುತ್ತದೆ.

ಒಂದು ಸಂಜೆ ಊದಿದ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಬೆರಳು ಮೊಣಕಾಲ ಹಿಂದೆ ಹೋಗಿ ನಿಂತಿತು.

"ಅಲ್ರೀ, ಇಲ್ಲೇ ಒಂದು ಸಿಕ್ಕಿತ್ತಲ್ಲ?"

"ಅದು ಸ್ಯಾಂಪಲ್..." ಎಂದವರು ಬಗ್ಗಿ ಮೊಣಕಾಲ ಹಿಂದೆ ತಾವೇ ಮುಟ್ಟಿ ನೋಡಿಕೊಂಡರು.

ನನ್ನ ಮೇಲೇ ನನಗೆ ಸಿಟ್ಟು ಬಂತು. ಮರುದಿನ ಇವರ ಲ್ಯಾಬಿನವರು ಆ ಸೀಸೆ ಹುಡುಕಿ ತೆಗೆದರು. ಚೀಟಿಯಲ್ಲಿ ನನ್ನದೇ ಅಕ್ಷರ: ಎಡಮೊಣಕಾಲ ಹಿಂದೆ.

ಅದರಲ್ಲಿ ಲೈಮ್ ಬ್ಯಾಕ್ಟೀರಿಯಾ ಇತ್ತು. ಅದೇ ದಿನದ ಬಟ್ಟೆಗೆ ಅಂಟಿದ್ದ ಉಣ್ಣಿಗಳಲ್ಲೂ ಇತ್ತು, ಆದರೆ ಒಂದು ಉಣ್ಣಿಯೊಳಗಿನ ಬ್ಯಾಕ್ಟೀರಿಯಾದ ಜೀನ್ ಇನ್ನೊಂದರೊಳಗಿನದರಂತಿಲ್ಲ. ಒಂದೇ ಹುಲ್ಲಿನಲ್ಲಿ ಇಷ್ಟು ಬಗೆ. ಟೆಸ್ಟ್ ಗುರುತಿಸುವ ಬಗೆ ಬೇರೆ, ಇವರನ್ನು ಕಚ್ಚಿದ್ದರಲ್ಲಿ ಇದ್ದದ್ದು ಬೇರೆ ಇರಬಹುದು ಎಂದರು ಡಾಕ್ಟರು. ಖಚಿತವಾಗಿ ಹೇಳಲಿಲ್ಲ. ನಾಲ್ಕು ವಾರ ಆ್ಯಂಟಿಬಯಾಟಿಕ್ ಕೊಟ್ಟರು.

ಊತ ಇಳಿಯಿತು. ನಗು ಬಂದಿದೆ; ಎಡಗಡೆ ಸ್ವಲ್ಪ ತಡವಾಗಿ ಬರುತ್ತದೆ, ನಾನು ಕಾಯುತ್ತೇನೆ. ಇಷ್ಟಾದರೂ ಆಯಿತಲ್ಲ. ಕಾಡಿಗೆ ಹೋಗಲು ಡಾಕ್ಟರು ಇನ್ನೂ ಬಿಟ್ಟಿಲ್ಲ.

ಕಳೆದ ಭಾನುವಾರ ತಾವಾಗಿಯೇ ಬಾಲ್ಕನಿಯಲ್ಲಿ ಕೂತು ತಲೆ ಬಗ್ಗಿಸಿದರು.

"ನೋಡು."

"ಕಾಡಿಗೆ ಹೋಗೇ ಇಲ್ಲಲ್ರಿ ನೀವು."

"ಆದ್ರೂ ನೋಡು."

ಕಿವಿಯ ಹಿಂದೆ, ಕುತ್ತಿಗೆ, ಮೊಣಕಾಲ ಹಿಂದೆ. ಏನೂ ಇರಲಿಲ್ಲ. ಇನ್ನೊಮ್ಮೆ ನೋಡಿದೆ.