ಕಿಟಕಿಗೆ ಕಾಣದ ಗೋಡೆ

ಮಾರ್ಚ್ ತಿಂಗಳ ಈ ಗುರುವಾರ ಬೆಳಗ್ಗೆ ಎಲ್ಮ್‌ಕೋಟ್ ಬಂಗಲೆಯ ಹುಲ್ಲುಗಾವಲಿನ ಮೇಲೆ ಮಂಜು ಸೊಂಟದ ಮಟ್ಟಕ್ಕೆ ನಿಂತಿದೆ. ಕುರಿಗಳು ಮುಳುಗಿವೆ, ಓಕ್ ಮರಗಳು ತೇಲುತ್ತಿವೆ. ಕಂದಕದಿಂದ ಸುತ್ತಿಗೆಯ ಸದ್ದು. ಅಲ್ಲಿ ಗೋಡೆ ಕಟ್ಟುವ ಹೆಂಗಸು, ಅರವತ್ತೆರಡರ ಡೋರ್ಕಸ್ ಟ್ರಾಂಟರ್, ಮೊಣಕಾಲಿಗೆ ಗೋಣಿ ಕಟ್ಟಿಕೊಂಡು, ದೇವರನ್ನು ನೆನೆದು ಕಲ್ಲು ಕೂರಿಸುತ್ತಿದ್ದಾರೆ.

ಈ ಗೋಡೆ ಬಂಗಲೆಯ ಕಿಟಕಿಗೆ ಕಾಣಬಾರದು, ಕಟ್ಟಿಸಿದ್ದೇ ಹಾಗೆ. ಹುಲ್ಲುಹಾಸು ಕಾಡಿನವರೆಗೂ ಹರಿದಂತೆ ತೋರಬೇಕು, ಕುರಿ ಮಾತ್ರ ಗುಲಾಬಿಗೆ ಬಾಯಿ ಹಾಕಬಾರದು. ಅದಕ್ಕೇ ಕಂದಕ ತೋಡಿ, ಗೋಡೆಯನ್ನು ನೆಲಮಟ್ಟದ ಕೆಳಗೆ ಇಳಿಸಿ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದ್ದು. ಆರುನೂರು ಗಜ ಉದ್ದ. ದಿನಕ್ಕೆ ಒಂದು ಗಜ ಎದ್ದರೆ ಹೆಚ್ಚು. ಮೂವತ್ತೆಂಟು ವರ್ಷದಿಂದ ಇದನ್ನು ಕಾಯುತ್ತಿರುವವರು ಇವರು. ಮೊದಲು ಇವರಪ್ಪ.

"ಬಂಗ್ಲೆಯೋರಿಗೆ ಗೋಡೆನೂ ಕಾಣಲ್ಲ, ನಾನೂ ಕಾಣಲ್ಲ. ಮೇಲಿರೋನಿಗೆ ಕಾಣುತ್ತೆ. ಕುರಿಗೂ ಕಾಣುತ್ತೆ. ಇಬ್ರಿಗೂ ಮೋಸ ಮಾಡೋಕಾಗಲ್ಲ," ಎನ್ನುತ್ತಾರೆ ಡೋರ್ಕಸ್.

ಜನವರಿಯ ಗಾಳಿಗೆ ಬೀಚ್ ಮರವೊಂದು ಉರುಳಿ ನಾಲ್ಕು ಗಜ ಗೋಡೆ ಕುಸಿಯಿತು. ಡೋರ್ಕಸ್ ಜ್ವರದಲ್ಲಿ ಮಲಗಿದ್ದಾಗ ಎಸ್ಟೇಟ್ ಮ್ಯಾನೇಜರ್ ಲಿಡ್ಗೇಟ್, ಮೇಲುಸಾಲಿನ ಹದಿನಾರು ಕಲ್ಲು ಸಾಗಿಸಿ ತಮ್ಮ ಮೀನುಕೊಳಕ್ಕೆ ಅಂಚು ಕಟ್ಟಿಸಿದರು. ಇಲ್ಲಿಗೆ ತಂತಿಬೇಲಿ ಸಾಕೆಂದರು. ಆದರೆ ಆ ಕಲ್ಲುಗಳ ಅಡಿಮುಖದಲ್ಲಿ ಅಪ್ಪ ಕೆತ್ತಿದ ಪುಟ್ಟ ಶಿಲುಬೆಯಿದೆ. ಕೊಳದ ಅಂಚಿನಲ್ಲಿ ಕಲ್ಲುಗಳು ಮಗುಚಿ ಕೂತಿದ್ದರಿಂದ ಡೋರ್ಕಸ್ ಅದನ್ನು ಗುರುತಿಸಿದರು.

"ಮೀನಿಗೆ ಗೋಡೆ ಯಾಕೆ ಸಾಹೇಬ್ರೆ, ಎದ್ದು ಓಡಿಹೋಗ್ತಾವಾ?"

"ಕಲ್ಲು ಕಲ್ಲೇ ಅಲ್ವಾ ಮಿಸೆಸ್ ಟ್ರಾಂಟರ್? ಬೇರೆ ತರಿಸ್ಕೊಡ್ತೀನಿ, ಹಟ ಬಿಡಿ."

"ಬೇರೇದು ನಿಮ್ ಮೀನಿಗೆ ಹಾಕಿ. ಇಲ್ಲಿಂದ ಹೋದದ್ದು ಇಲ್ಲಿಗೇ ಬರ್ಬೇಕು. ಬೇಲಿಗೂಟ ಹೊಡೀಲೇಬೇಕು ಅಂದ್ರೆ ನನ್ ಕಾಲ್ ಮೇಲೇ ಹೊಡೀರಿ."

ಒಂಬತ್ತು ದಿನ ಡೋರ್ಕಸ್ ಗೋಡೆ ಕುಸಿದ ಜಾಗ ಬಿಟ್ಟು ಕದಲಲಿಲ್ಲ. ಬ್ರೆಡ್ಡು, ಚೀಸು, ಫ್ಲಾಸ್ಕಿನ ಚಹಾ ಅಲ್ಲೇ. ಕುರಿ ನುಗ್ಗಿದರೆ ಟೋಪಿ ಬೀಸಿದರು. ಬೇಲಿಯವರು ಬಂದರೆ ಸುತ್ತಿಗೆ ಕೆಳಗಿಡದೆ ಮಾತಾಡಿಸಿದರು. "ಕೆಲ್ಸದಿಂದ ತೆಗೀತಾರಂತೆ. ತೆಗೀಲಿ. ಗೋಡೆ ನಿಂತ್ಮೇಲೆ ಹೋಗ್ತೀನಿ."

ಇಂದು ಹತ್ತನೆಯ ದಿನ. ಕೆಳಸಾಲೆಲ್ಲ ಎದ್ದಿದೆ, ಮೇಲುಸಾಲು ಬರಿದು. ಮಂಜಿನೊಳಗಿಂದ ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತದೆ. ಲಿಡ್ಗೇಟ್, ಒಬ್ಬರೇ, ಮೊಣಕಾಲವರೆಗೆ ಕೆಸರು. ನಾಲ್ಕು ಸಲ ಬಂದು ನಾಲ್ಕು ನಾಲ್ಕು ಕಲ್ಲು ತರುತ್ತಾರೆ.

"ಮೀನು ಹೇಗಿದಾವೆ?" ಡೋರ್ಕಸ್ ತಲೆಯೆತ್ತುವುದಿಲ್ಲ.

"ಓಡಿಹೋಗಿಲ್ಲ."

ಕೊನೆಯ ಕಲ್ಲನ್ನು ಮಾತ್ರ ಲಿಡ್ಗೇಟ್ ನೆಲಕ್ಕೆ ಇಳಿಸುವುದಿಲ್ಲ. ಅದರ ಪಾಚಿಯನ್ನು ತೋಳಿನಿಂದ ಒರೆಸಿ, ಶಿಲುಬೆ ಮೇಲ್ಮುಖ ಮಾಡಿ, ಬಗ್ಗಿ, ಎರಡೂ ಕೈಯಲ್ಲಿ ಕೊಡುತ್ತಾರೆ.