ಕವಚ ನೂರಕ್ಕೆ ಏರಿದ ಭಾನುವಾರ

ಮೊನ್ನೆ ಬಾಗಲಕೋಟೆಯಲ್ಲಿ ಹೃದಯದ ಡಾಕ್ಟರಿಗೆ ತೋರಿಸಿಕೊಂಡು ಹುನಗುಂದದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಯುವಕ ತನ್ನ ಮೊಬೈಲಿನ ಸಿನಿಮಾವನ್ನು ಇಡೀ ಬಸ್ಸಿಗೆ ಉಚಿತವಾಗಿ ಕೇಳಿಸುತ್ತಿದ್ದ. ಅಂತರಿಕ್ಷದಲ್ಲಿ ಯುದ್ಧ ನಡೆದಿತ್ತು; ಗುಂಡು ತಾಗದಂತೆ ಹಡಗಿನ ಸುತ್ತ ಕಣ್ಣಿಗೆ ಕಾಣದ ಒಂದು ಕವಚ. "ಕವಚ ನಲವತ್ತು ಪರ್ಸೆಂಟ್!" ಎಂದು ಒಬ್ಬ ಕಿರುಚಿದ. ಹಡಗು ಅಲುಗಾಡಿತು. "ಇಪ್ಪತ್ತು!" ಮತ್ತೆ ಅಲುಗಾಡಿತು. ಕಮತಗಿ ದಾಟುವಷ್ಟರಲ್ಲಿ ಕವಚ ಎರಡಕ್ಕೆ ಇಳಿದಿತ್ತು. ಮುಂದೆ ಎಷ್ಟು ಬಾಂಬು ಬಿದ್ದರೂ ಎರಡರಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತು.

ಈ ಎರಡು ಪರ್ಸೆಂಟಿನ ಮಹಿಮೆಯನ್ನು ನೀವೂ ಗಮನಿಸಿರಬಹುದು. ಮೊದಲ ತೊಂಬತ್ತೆಂಟು ಪರ್ಸೆಂಟು ಹಂಚಿನ ಮನೆಯಂತೆ ಸೋರಿಹೋಗುತ್ತದೆ. ಕೊನೆಯ ಎರಡು ಮಾತ್ರ ಬಾದಾಮಿಯ ಬಂಡೆ. ಖಳನ ಹಡಗಿಗೆ ಈ ಸೌಲಭ್ಯವಿಲ್ಲ. ಅವನ ಕವಚ ಮೊದಲ ಅರ್ಧ ಗಂಟೆ ಯಾರಿಗೂ ಬಗ್ಗುವುದಿಲ್ಲ, ಕೊನೆಯ ಐದು ನಿಮಿಷದಲ್ಲಿ ಒಂದೇ ಗುಂಡಿಗೆ ಒಡೆಯುತ್ತದೆ. ಕವಚದ ಯಂತ್ರವನ್ನು ಅವನು ಹಡಗಿನ ಹೊರಗೆ, ಎಲ್ಲರಿಗೂ ಕಾಣುವಂತೆ ಗೋಪುರ ಕಟ್ಟಿ ಇಟ್ಟಿರುತ್ತಾನೆ. ಒಳಗಿನ ಗುಂಡು ಕವಚ ದಾಟಿ ಹೊರಗೆ ಹೋಗುತ್ತದೆ, ಹೊರಗಿನ ಗುಂಡು ಮಾತ್ರ ಒಳಗೆ ಬರುವುದಿಲ್ಲ. ಇಷ್ಟು ತಿಳಿವಳಿಕೆಯುಳ್ಳ ಬಾಗಿಲನ್ನು ನಾನು ಯಾವ ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ.

ನನಗೆ ಇದೆಲ್ಲ ಯಾಕೆ ಗೊತ್ತು ಎಂದರೆ, ಒಂದು ಕಾಲಕ್ಕೆ ಇಂಥ ಕವಚದ ಲೆಕ್ಕ ಇಡುವುದು ನನ್ನ ನೌಕರಿಯ ಭಾಗವಾಗಿತ್ತು. ಬಾಗಲಕೋಟೆಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಭಾನುವಾರದ ಪುರವಣಿ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಇಳಕಲ್ಲಿನ ಪರಪ್ಪ ಎಂಬವರ ಧಾರಾವಾಹಿ ಬರುತ್ತಿತ್ತು: 'ಶನಿಯ ಆಚೆಗಿನ ಯುದ್ಧ'. ಪರಪ್ಪನವರದು ಮಗ್ಗದ ಮನೆತನ. ಹಗಲು ಸೀರೆ, ಸಂಜೆ ಶನಿ. ಕಥೆಯ ನಾಯಕಿ ಕ್ಯಾಪ್ಟನ್ ಗಂಗಾ. ಆಕೆ ಇಳಕಲ್ ಸೀರೆ ಉಟ್ಟು, ಮೇಲೆ ಆಮ್ಲಜನಕದ ಟೋಪಿ ಹಾಕಿಕೊಂಡು, 'ಮಲಪ್ರಭಾ' ಎಂಬ ಹಡಗು ನಡೆಸುತ್ತಿದ್ದಳು. ತಾಯಿ ತೀರಿದ ಮೇಲೆ ಪರಪ್ಪನವರನ್ನು ಸಾಕಿದ ಅಕ್ಕನ ಹೆಸರು ಗಂಗಕ್ಕ. ಕ್ಯಾಪ್ಟನ್ ಬೈಯುವ ರೀತಿಯೂ ಆ ಅಕ್ಕನದೇ ಎಂದು ಅವರ ಓಣಿಯವರೆಲ್ಲ ಗುರುತಿಸಿದ್ದರಂತೆ.

ಕಥೆ ಚೆನ್ನಾಗಿಯೇ ಇತ್ತು. ತೊಂದರೆ ಕವಚದ್ದು. ಒಂದು ಭಾನುವಾರ ಅದು ಸೊನ್ನೆಗೆ ಬಂದು, ಹಡಗಿಗೆ ಬೆಂಕಿ ಬಿದ್ದು, 'ಮುಂದುವರಿಯುವುದು' ಎಂದು ಮುಗಿಯುತ್ತಿತ್ತು. ಮುಂದಿನ ಭಾನುವಾರ ಕ್ಯಾಪ್ಟನ್ ಆರಾಮಾಗಿ ಚಹಾ ಕುಡಿಯುತ್ತಿದ್ದಳು, ಕವಚ ನೂರು ಪರ್ಸೆಂಟ್. ನಾನು ವರದಿಗಾರರ ಕಾಪಿಯಲ್ಲಿ ಊರಿನ ಹೆಸರು ತಪ್ಪಿದರೆ ಫೋನ್ ಮಾಡಿ ಎಬ್ಬಿಸುವ ಜಾತಿಯವನು. ಪರಪ್ಪನವರನ್ನು ಆಫೀಸಿಗೆ ಕರೆಸಿದೆ.

"ಹೋದ ವಾರ ಸೊನ್ನೆ ಇತ್ತು. ಈ ವಾರ ನೂರು. ನಡುವೆ ಏನಾಯ್ತು?"

"ನಡುವ ಸೋಮವಾರ ಬಂತಲ್ರಿ ಸರ."

"ಅಂದರೆ?"

"ಹೋದ ವಾರದ ಸೀರಿ ಮಡಚಿ ಅಂಗಡಿಗೆ ಹೋತ್ರಿ. ಈ ವಾರ ಹೊಸಾ ಸೆರಗು ಕೂಡಿಸಿ ಸುರು ಮಾಡಬೇಕಲ್ರಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದೆಳೆ, ಬೇರೆ, ಮೈಯ ಹಾಸು ಬೇರೆ. ಪ್ರತಿ ಸೀರೆಗೂ ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಹೊಸದಾಗಿ ಕೂಡಿಸಿಯೇ ನೇಯಬೇಕು. ಪರಪ್ಪನವರು ಧಾರಾವಾಹಿಯನ್ನೂ ಹಾಗೇ ನೇಯುತ್ತಿದ್ದರು. ಹಿಂದಿನ ಸೀರೆಗೆ ಬಿದ್ದ ತೂತು ಮುಂದಿನ ಸೀರೆಗೆ ಯಾಕೆ ಬರಬೇಕು ಎಂಬುದು ಅವರ ಪ್ರಶ್ನೆ. ಸಾಹಿತ್ಯದಲ್ಲಿ ಇದಕ್ಕಿಂತ ದುರ್ಬಲವಾದ ವಾದಗಳಿಗೆ ಪ್ರಶಸ್ತಿ ಬಂದದ್ದನ್ನು ನಾನೇ ವರದಿ ಮಾಡಿದ್ದೇನೆ. ಆದರೂ ಬಗ್ಗಲಿಲ್ಲ. ಕವಚ ಇಳಿದರೆ ಇಳಿದದ್ದೇ, ಏರಬೇಕಾದರೆ ಕಾರಣ ಬರೆಯಬೇಕು ಎಂದು ನಿಯಮ ಮಾಡಿದೆ. ಶನಿಯ ಆಚೆಗೂ ನನ್ನ ಸಂಪಾದಕೀಯ ಅಧಿಕಾರ ಚಾಚಿದ ಹೆಮ್ಮೆಯಲ್ಲಿ ಆ ದಿನ ಎರಡು ಮಿರ್ಚಿ ಹೆಚ್ಚಿಗೆ ತಿಂದೆ.

ಪರಪ್ಪ ಕಲಿತರು. ಕವಚ ತೊಂಬತ್ತು, ಎಪ್ಪತ್ತು, ಅರವತ್ತೈದು ಎಂದು ಶಿಸ್ತಾಗಿ ಇಳಿಯತೊಡಗಿತು. ಕ್ಯಾಪ್ಟನ್ ದುರಸ್ತಿಗೆ ಜನ ಹಾಕಿದಳು, ಕವಚಕ್ಕೆ ವಿದ್ಯುತ್ ಉಳಿಸಲು ದೀಪ ಆರಿಸಿದಳು, ಒಂದು ಕಂತಿನ ತುಂಬ ಕತ್ತಲೆಯಲ್ಲಿ ಕೂತಳು. ಓದುಗರು ಉಸಿರು ಬಿಗಿಹಿಡಿದು ಓದುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಖಡಕ್ಕಾದವರು ಗಂಗಕ್ಕನೇ. ಈ ವಾರ ಎಷ್ಟಕ್ಕೆ ಬಂತು ಎಂದು ಮೊದಲು ನೋಡಿ, ಆಮೇಲೆ ಕಥೆ ಓದುತ್ತಿದ್ದರಂತೆ.

ಕವಚ ಮೂರಕ್ಕೆ ಬಂದಿದ್ದ ವಾರ ಪರಪ್ಪ ಕರೆಯದೆಯೇ ಆಫೀಸಿಗೆ ಬಂದರು. ಮುಖ ಸರಿಯಿರಲಿಲ್ಲ.

"ಅಕ್ಕನ ಎದಿ ಆಪರೇಶನ್ ಐತ್ರಿ ಸರ, ಸೋಮವಾರ. ಇಲ್ಲೇ ಬಾಗಲಕೋಟ್ಯಾಗ ಅಡ್ಮಿಟ್ ಮಾಡೇವಿ. ಆಕಿಗೆ ಹೇಳಿಲ್ಲ. ಗ್ಯಾಸ್ ಅಂತ ಹೇಳೇವಿ."

"ಹೃದಯದ ದವಾಖಾನೆಯಲ್ಲಿ ಗ್ಯಾಸೇ? ಬಾಗಿಲ ಮೇಲೆ ಅಷ್ಟು ದೊಡ್ಡ ಹೃದಯದ ಚಿತ್ರ ಇದೆ."

"ಕೇಳಿದಳ್ರಿ. ಹಳೇ ಬೋರ್ಡ್ ಅಂತ ಹೇಳಿದೆ."

ನಮ್ಮ ಕಡೆ ಇದು ಸುಳ್ಳಲ್ಲ, ಸಂಪ್ರದಾಯ. ರೋಗ ದೊಡ್ಡದಾದಷ್ಟೂ ರೋಗಿಗೆ ಹೇಳುವ ಹೆಸರು ಸಣ್ಣದಾಗುತ್ತದೆ. ಮನೆಯವರಿಗೆ, ನೆರೆಯವರಿಗೆ, ಕಿರಾಣಿ ಅಂಗಡಿಯವನಿಗೆ ಗೊತ್ತಿರುವ ಸುದ್ದಿ, ಅದನ್ನು ಮೈಯಲ್ಲಿ ಇಟ್ಟುಕೊಂಡವರಿಗೆ ಮಾತ್ರ ಗೊತ್ತಿರಬಾರದು.

"ಡಾಕ್ಟರ್ ಏನಂದರು?"

"ಉಳಿಯೂದು ಅರ್ಧಕ್ಕರ್ಧ ಅಂದ್ರು." ಪರಪ್ಪ ಹಾಳೆ ಮುಂದೆ ಚಾಚಿದರು. "ಈ ವಾರ ಕವಚ ನೂರಕ್ಕ ಏರಸೇನಿ. ಕಾರಣ ಬರದಿಲ್ಲ. ಬರ್ಯಾಕ ತಲಿ ಓಡವಲ್ದು. ಆಕಿ ಭಾನುವಾರ ಓದ್ತಾಳ್ರಿ. ಮೂರರಾಗ ಬಿಟ್ಟು ಹ್ಯಾಂಗ ಒಳಗ ಕಳಸಲಿ?"

ನಾನು ಓದಿದೆ. ಕ್ಯಾಪ್ಟನ್ ಗಂಗಾ ಬೆಳಿಗ್ಗೆ ಎದ್ದಳು, ಕವಚ ನೂರಾಗಿತ್ತು, ಶತ್ರುಗಳು ಹೆದರಿ ಓಡಿದರು. ನನ್ನ ನಿಯಮದ ಪ್ರಕಾರ ಕಸದ ಬುಟ್ಟಿಗೆ ಹೋಗಬೇಕಾದ ಕಾಪಿ. ಒಂದು ಅಲ್ಪವಿರಾಮ ಸರಿಪಡಿಸಿ ಅಚ್ಚಿಗೆ ಕಳಿಸಿದೆ.

ಭಾನುವಾರ ಮಧ್ಯಾಹ್ನ ದವಾಖಾನೆಯಿಂದ ಫೋನು ಬಂತು. ಗಂಗಕ್ಕ ಕರೆಯುತ್ತಿದ್ದಾರೆ, ಕೂಡಲೇ ಬರಬೇಕಂತೆ. ಹೋದೆ. ಅವರು ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದರು, ತೊಡೆಯ ಮೇಲೆ ಪುರವಣಿ. ಪರಪ್ಪ ಮೂಲೆಯಲ್ಲಿ ನಿಂತಿದ್ದರು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವರಂತೆ.

"ಪೇಪರಿನವ್ರು ನೀವಽ ಏನ್ರಿ?"

"ಹೌದ್ರಿ."

"ಇದನ್ನ ಓದಿ ಹಾಕೀರೋ, ಓದ್ಲಾರದ ಹಾಕೀರೋ?"

"ಓದಿಯೇ ಹಾಕಿದ್ದೇನೆ."

"ಇಷ್ಟ್ ದಿನ ಒಂದೊಂದು ಪರ್ಸೆಂಟಿಗೂ ಆ ಕ್ಯಾಪ್ಟನ್ ಜೀವಾ ತೇಯ್ದಾಳ. ಇವತ್ತ ಮಲಗಿ ಎದ್ದರ ನೂರು! ಯಾರರ ಪುಗಸಟ್ಟೆ ಕೊಟ್ರೇನು? ಇವಾ ಬರದಾ ಅಂದ್ರ ಇವಂಗ ತಲಿ ಕೆಟ್ಟೈತಿ ಅನ್ನಬೌದು. ಕಾರಣಿಲ್ದ ಒಂದು ಪರ್ಸೆಂಟೂ ಬಿಡದ ನೀವೂ ಬಿಟ್ಟೀರಿ ಅಂದ್ರ ನನಗ ಏನೋ ದೊಡ್ಡದ ಆಗೇತಿ ಅಂತ ತಿಳೀತು. ಡಾಕ್ಟರನ್ನ ಕರೆಸಿ ಕೇಳಿದೆ. ಎಲ್ಲಾ ಹೇಳಿದ್ರು."

ಮೂವತ್ತು ವರ್ಷದ ವೃತ್ತಿಯಲ್ಲಿ ನನ್ನ ಶಿಸ್ತಿಗೆ ಸಿಕ್ಕ ಏಕೈಕ ಮನ್ನಣೆ ಇದು.

"ಅಕ್ಕಾ, ನೀ ಹೆದರತಿ ಅಂತ..." ಎಂದರು ಪರಪ್ಪ.

"ಹೆದರತೇನಲೇ. ಎದಿ ಸೀಳತಾರಂದ್ರ ಹೆದರಬಾರದೇನು? ನನ್ನ ಹೆದರಿಕಿನೂ ನೀವಽ ಕಸಗೊಂಡ್ರ ನಂದು ಅಂತ ಏನ್ ಉಳೀತು? ನಮ್ಮ ತಂಗಿ ಜೋಡಿ ನಾ ಮಾತು ಬಿಟ್ಟು ಎಷ್ಟು ದಿನಾ ಆತು. ಗ್ಯಾಸ್ ಅಂತ ತಿಳಕೊಂಡು ಒಳಗ ಹೋಗಿದ್ರ, ಅದನ್ನ ಹಂಗಽ ಬಿಟ್ಟು ಹೋಗ್ತಿದ್ನಿ." ಪುರವಣಿಯನ್ನು ಮಡಚಿದರು. ಮತ್ತೆ ನನ್ನ ಕಡೆ ತಿರುಗಿದರು. "ಈಗ ಫೋನ್ ಹಚ್ಚಿ ಮಾತಾಡೇನಿ. ಬರಾಕ್ಹತ್ಯಾಳ. ನೀವು ಇದನ್ನ ಸರಿ ಮಾಡ್ರಿ. ಮೂರಿದ್ದದ್ದು ಮೂರಽ ಇರಲಿ. ಆಕಿ ಗೆದ್ದರ ಮೂರರಾಗಽ ಗೆಲ್ಲಲಿ."

ಮಾರನೆಯ ದಿನ ನಮ್ಮ ಪತ್ರಿಕೆಯ ಎರಡನೆಯ ಪುಟದಲ್ಲಿ, ಕಾಳುಕಡಿಯ ಧಾರಣೆಯ ಕೆಳಗೆ, ಒಂದು ತಿದ್ದುಪಡಿ ಬಂತು: 'ಭಾನುವಾರದ ಧಾರಾವಾಹಿಯಲ್ಲಿ ಮಲಪ್ರಭಾ ನೌಕೆಯ ಕವಚ ಶೇಕಡಾ ನೂರು ಎಂದು ತಪ್ಪಾಗಿ ಪ್ರಕಟವಾಗಿದೆ. ಶೇಕಡಾ ಮೂರು ಎಂದು ಓದಿಕೊಳ್ಳಬೇಕು. ಶತ್ರುಗಳು ಓಡಿಹೋಗಿಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ.' ಸಂಪಾದಕರು ನನ್ನನ್ನು ಕರೆದು, ಆರೋಗ್ಯ ಹೇಗಿದೆ ಎಂದು ಬಹಳ ಮೃದುವಾಗಿ ವಿಚಾರಿಸಿದರು.

ಗಂಗಕ್ಕ ಅದನ್ನು ಎರಡು ಸಲ ಓದಿಸಿ ಕೇಳಿ, "ಈಗ ನಡೀರಿ" ಎಂದು ಸ್ಟ್ರೆಚರ್ ಹತ್ತಿದರಂತೆ. ಹಿಂದಿನ ರಾತ್ರಿಯೇ ಬಂದಿದ್ದ ತಂಗಿ ಕಾಲ ಬಳಿ ಕೂತಿದ್ದಳು. ಇಬ್ಬರೂ ಬೆಳಗಿನವರೆಗೆ ಮಾತಾಡಿದ್ದರು, ಅರ್ಧ ಜಗಳವೇ ಎಂದು ಪರಪ್ಪ ಹೇಳಿದರು.

ಗಂಗಕ್ಕ ಬದುಕಿದರು. ಅದಕ್ಕೂ ತಿದ್ದುಪಡಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧವಿದೆ ಎಂದು ಯಾರಾದರೂ ಬರೆದು ತಂದಿದ್ದರೆ ಆ ಸಾಲನ್ನು ನಾನೇ ಹೊಡೆದುಹಾಕುತ್ತಿದ್ದೆ.

ಬಸ್ಸಿನಲ್ಲಿ ಸಿನಿಮಾ ಕೊನೆಗೆ ಬಂದಿತ್ತು. ಸಂಗೀತ ಜೋರಾಯಿತು, ಕವಚ ತಾನಾಗಿಯೇ ನೂರಕ್ಕೆ ಏರಿತು. ತಡೆಯಲಾಗಲಿಲ್ಲ.

"ಅದು ಹೆಂಗ ತುಂಬ್ತು ತಮ್ಮಾ?"

"ಹೀರೋ ಅದಾನಲ್ರಿ ಕಾಕಾ," ಎಂದ ಆತ, ಇದೂ ಗೊತ್ತಿಲ್ಲವೇ ಎಂಬಂತೆ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಬಾದಾಮಿಯಿಂದ ಮಗಳು.

"ಅಪ್ಪಾ, ಡಾಕ್ಟರ್ ಏನಂದ್ರು?"

ಏನೂ ಇಲ್ಲವ್ವ, ಎಲ್ಲ ಛಲೋ ಐತಿ ಎಂಬ ವಾಕ್ಯ ಬಾಗಲಕೋಟೆಯ ಬಸ್ ಸ್ಟ್ಯಾಂಡಿನಿಂದಲೇ ಬಾಯಲ್ಲಿ ಸಿದ್ಧವಾಗಿತ್ತು. ವ್ಯಾಕರಣದೋಷವಿಲ್ಲದ, ಚೊಕ್ಕ ವಾಕ್ಯ.

"ಎರಡು ಕಡೆ ಬ್ಲಾಕ್ ಐತಂತ," ಎಂದೆ. "ಆಪರೇಶನ್ ಬೇಕಾಗ್ತದಂತ. ನನಗ ಸ್ವಲ್ಪ ಹೆದರಿಕಿ ಆಗೇತವ್ವ."

ಆ ಕಡೆ ಮೂಗು ಎಳೆದುಕೊಂಡ ಸದ್ದು.

"ಬಸ್ಸಿನಾಗ ಕಿಡಕಿ ಬಾಜೂಕ ಕುಂತಿಯೇನು? ಗಾಳಿ ತಗೋ. ನಾ ಸಂಜೀಕ ಬರ್ತೇನಿ."