ಬೀಗ ಹಾಕಿದ ಟಾಕೀಸಿನ ಹಾಡು

ದೆವ್ವ, ಪವಾಡ ಎಂದರೆ ನಗುತ್ತಿದ್ದವನು ನಾನು. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹಾಗೆ ನಗುವುದೂ ಸಂಬಳದೊಳಗೇ ಸೇರಿದೆ ಎಂದುಕೊಂಡಿದ್ದೆ. ಎಂಬತ್ತರ ದಶಕದ ಆರಂಭದಲ್ಲಿ ನಡೆದ ಈ ಸಂಗತಿಯನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆಯಿಲ್ಲ.

ನಮ್ಮೂರಿನ ಟಾಕೀಸು ಮುಚ್ಚಿ ವರ್ಷ ಕಳೆದಿತ್ತು. ಜನ ಬರುವುದಿಲ್ಲವೆಂದು ಮಾಲೀಕರು ಅದನ್ನು ಕೊಬ್ಬರಿ ಗೋದಾಮಿಗೆ ಕೊಡಲು ಹೊರಟಿದ್ದರು. ಮತ್ತೆ ತೆರೆಸಬೇಕೆಂದು ನಾವು ಕೆಲವರು ಸಮಿತಿ ಕಟ್ಟಿಕೊಂಡೆವು. ಅಧ್ಯಕ್ಷರು ರುದ್ರಪ್ಪ. ಟಾಕೀಸಿನ ಎದುರಿಗೇ ಅವರ ಹೋಟೆಲು. ಇಂಟರ್ವಲ್ಲಿನ ಬೋಂಡದಿಂದಲೇ ಅವರ ಸಂಸಾರ ನಡೆಯುತ್ತಿದ್ದದ್ದು. ಈಗ ಹೋಟೆಲೂ ಬಾಗಿಲು ಹಾಕುವ ಸ್ಥಿತಿಗೆ ಬಂದು, ಮನುಷ್ಯ ಇಳಿದುಹೋಗಿದ್ದರು.

ಲೈಸೆನ್ಸಿನ ವಿಚಾರಣೆಗೆ ತುಮಕೂರಿನಿಂದ ಅಧಿಕಾರಿಯೊಬ್ಬರು ಬಂದರು. ಊರಿಗೆ ಊರೇ ಸೇರುತ್ತದೆಂದು ಅವರಿಗೆ ಹೇಳಿ ಕಳಿಸಿದ್ದೆವು. ಆ ಸಂಜೆ ಸೇರಿದ್ದು ಸಮಿತಿಯವರು ಮಾತ್ರ; ಅದರಲ್ಲೂ ಇಬ್ಬರು ಬೋಂಡಕ್ಕೆ ಬಂದವರು.

"ಇಷ್ಟೇ ಏನ್ರೀ ನಿಮ್ಮೂರು?" ಎನ್ನುತ್ತಾ ಸಾಹೇಬರು ಜೀಪಿನ ಕಡೆ ತಿರುಗಿದರು.

"ಇನ್ನೊಂಚೂರು ಇರಿ ಸ್ವಾಮಿ, ಬತ್ತಾರೆ," ಎನ್ನುತ್ತಾ ರುದ್ರಪ್ಪ ಜೀಪಿಗೆ ಅಡ್ಡ ನಿಂತರು. ನನಗೆ ಸಂಕಟವಾಯಿತು.

ಆಗ ಟಾಕೀಸಿನ ಸ್ಪೀಕರು ಹಾಡಿತು. ಮೊದಲ ಆಟಕ್ಕೆ ಮುಂಚೆ ದಿನಾ ಹಾಕುತ್ತಿದ್ದ ಗಣಪತಿ ಸ್ತುತಿ. ಅದು ಮುಗಿಯುತ್ತಲೇ ಟಿಕೆಟ್ ಕಿಟಕಿ ತೆರೆಯುತ್ತಿದ್ದರಿಂದ, ಹಾಡು ಕಿವಿಗೆ ಬಿದ್ದೊಡನೆ ಕೆಲಸ ಬಿಟ್ಟು ಓಡುವುದು ಊರಿನ ರೂಢಿ. ಜನ ಓಡಿಬಂದರು. ಒಬ್ಬಾಕೆ ಮುದ್ದೆ ತೊಳಸುವ ಕೋಲು ಹಿಡಿದುಕೊಂಡೇ ಹೆಂಗಸರ ಸಾಲಿನಲ್ಲಿ ನಿಂತಳು. ಅರ್ಧ ಗಡ್ಡ ಹೆರೆಸಿಕೊಂಡ ಪಟೇಲರ ಹಿಂದೆ, ಕತ್ತಿ ಹಿಡಿದ ಕ್ಷೌರದವನೂ ನಿಂತ. ಬೀಗ ಹಾಕಿದ ಕಿಟಕಿಯ ಮುಂದೆ ನೂಕುನುಗ್ಗಲು.

"ಒಳ್ಳೆ ಕೆಲ್ಸ ಮಾಡುದ್ರಿ ಮೇಷ್ಟ್ರೇ. ಕರೆಂಟ್ ಎಲ್ಲಿಂದ ಎಳುದ್ರಿ?" ಎಂದು ರುದ್ರಪ್ಪ ನನ್ನ ಕಿವಿಯಲ್ಲಿ ಕೇಳಿದರು.

ನಾನು ಎಲ್ಲಿಂದಲೂ ಎಳೆದಿರಲಿಲ್ಲ. ಸ್ಪೀಕರನ್ನು ಮಾಲೀಕರು ಎಂದೋ ಕುಣಿಗಲಿನ ಮೈಕ್‌ಸೆಟ್ಟಿನವನಿಗೆ ಮಾರಿದ್ದರು. ತಲೆಯೆತ್ತಿ ನೋಡಿದೆ. ಮಾಳಿಗೆಯ ಮೇಲೆ ಬರೀ ತುಕ್ಕು ಹಿಡಿದ ಕಂಬಿಯಿತ್ತು, ಅದರ ಮೇಲೊಂದು ಕಾಗೆ.

ಲೈಸೆನ್ಸು ಬಂತು, ಟಾಕೀಸು ತೆರೆಯಿತು. ಮೊದಲ ಇಂಟರ್ವಲ್ಲಿಗೆ ಬೋಂಡ ಕರಿಯುತ್ತಾ ರುದ್ರಪ್ಪ ಎಲ್ಲರೆದುರಿಗೇ ಅತ್ತರು. ಕೇಳಿದರೆ ಹೊಗೆ ಎಂದರು. ಅತಿಥಿಯಾಗಿ ಬಂದಿದ್ದ ಸಾಹೇಬರಿಗೆ ನಾನು, ಅವತ್ತಿನ ಹಾಡಿನಿಂದಲೇ ಎಲ್ಲಾ ಆಯಿತು ಎಂದೆ.

"ಯಾವ ಹಾಡು ಮೇಷ್ಟ್ರೇ?" ಎಂದರು ಅವರು. "ಹಾಡೂ ಇಲ್ಲ, ಏನೂ ಇಲ್ಲ. ಇದ್ದಕ್ಕಿದ್ದಂಗೆ ಇಡೀ ಊರು ಓಡ್ಬಂದು ಬೀಗದ ಮುಂದೆ ಸಾಲಾಗಿ ನಿಂತ್ಕೊಳ್ತು. ಒಬ್ಬನ ಕೈಲಿ ಕತ್ತಿ ಬೇರೆ. ನಂಗೆ ಭಯ ಆಯ್ತು ಕಣ್ರೀ. ತೆಗ್ಸಿಬಿಡೋದೇ ವಾಸಿ ಅಂತ ಬರೆದ್ಬಿಟ್ಟೆ."

ಅವರಿಗೆ ಕಿವಿ ಮಂದ ಎನ್ನೋಣವೆಂದರೆ, ಆ ಸಂಜೆ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ನನ್ನನ್ನು ಬೈದದ್ದು ಅವರಿಗೆ ಅಕ್ಷರ ಬಿಡದೆ ನೆನಪಿತ್ತು. ಊರಿಗೇ ಭ್ರಮೆ ಹಿಡಿದಿತ್ತು ಎನ್ನೋಣವೆಂದರೆ, ಅವತ್ತು ಗಂಡಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ನಾನೇ.